ಮೊದಲು ಮರ, ಆಮೇಲೆ ಆನೆ: ಚೋಬೆ ನದಿ ನೋಡಲು ಹೊರಟವರಿಗೆ

ಆಫ್ರಿಕಾದ ಸಫಾರಿಗೆ ಹೊರಡುವ ನಮ್ಮವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಸಿಂಹ ಸಿಗುತ್ತದೆಯೇ? ಬೋಟ್ಸ್ವಾನಾದ ಉತ್ತರದ ಅಂಚಿನಲ್ಲಿ ಹರಿಯುವ ಚೋಬೆ ನದಿಗೆ ಹೋಗುವವರು ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ದಂಡೆಯ ಮರ, ಪೊದೆ, ಹುಲ್ಲುಗಳನ್ನು ಗುರುತಿಸಲು ಮೊದಲು ಕಲಿಯಬೇಕು ಎಂಬುದು ನನ್ನ ಒತ್ತಾಯ. ಅಲ್ಲಿ ಯಾವ ಪ್ರಾಣಿ ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಿಡಮರಗಳೇ ಹೇಳಿಬಿಡುತ್ತವೆ. ಐದಾರು ಮರ, ಎರಡು ಪೊದೆ, ಒಂದು ಹುಲ್ಲು ಗೊತ್ತಿದ್ದರೆ ಒಂದು ಮಧ್ಯಾಹ್ನದ ದೋಣಿ ಪ್ರಯಾಣದಲ್ಲಿ ಕಾಣುವುದು ಎರಡು ಪಟ್ಟಾಗುತ್ತದೆ.

ನದಿಯ ಪರಿಚಯ ಮೊದಲು. ಅಂಗೋಲಾದ ಎತ್ತರದ ನಾಡಿನಲ್ಲಿ ಹುಟ್ಟುವ ಕ್ವಾಂಡೋ ನದಿ ಮುಂದೆ ಲಿನ್ಯಾಂಟಿ ಎನಿಸಿಕೊಂಡು, ಕೊನೆಯ ಹಂತದಲ್ಲಿ ಚೋಬೆ ಎಂಬ ಹೆಸರಿನಲ್ಲಿ ಹರಿದು, ಕಜುಂಗುಲಾದ ಬಳಿ ಜಾಂಬೆಜಿಯನ್ನು ಸೇರುತ್ತದೆ. ದಕ್ಷಿಣ ದಂಡೆ ಬೋಟ್ಸ್ವಾನಾ, ಉತ್ತರ ದಂಡೆ ನಮೀಬಿಯಾ. ಜಾಂಬೆಜಿಯಲ್ಲಿ ನೆರೆ ಬಂದಾಗ ಅದರ ನೀರು ಚೋಬೆಯೊಳಕ್ಕೆ ನುಗ್ಗಿ, ನದಿ ಹಿಮ್ಮುಖವಾಗಿ ಹರಿಯುವುದೂ ಉಂಟು. ಇಲ್ಲಿನ ನೆರೆಬಯಲುಗಳ ಹುಲ್ಲು ಮಳೆಗಾಲ ಮುಗಿದು ತಿಂಗಳುಗಳಾದ ಮೇಲೂ ಹಸಿರಾಗಿರುವುದು ತಡವಾಗಿ ಬರುವ ಈ ನೀರಿನಿಂದಲೇ.

ಹೆಜ್ಜೆ 1: ತಿಂಗಳನ್ನು ನೀರು ನೋಡಿ ಆರಿಸಿ

ಮಳೆ ಬೀಳುವುದು ಸುಮಾರಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ದಕ್ಷಿಣದ ಮರಳು ಕಾಡಿನೊಳಗಿನ ಹೊಂಡಗಳೆಲ್ಲ ತುಂಬಿರುತ್ತವೆ. ಆನೆಗಳಿಗೆ ನದಿಗೆ ಬರುವ ಅಗತ್ಯವಿರುವುದಿಲ್ಲ, ಅವು ಕಾಡಿನ ಉದ್ದಗಲಕ್ಕೂ ಚದುರಿಹೋಗುತ್ತವೆ. ಮಾರ್ಚ್‌ನಿಂದ ಮೇವರೆಗೆ ನದಿ ಉಬ್ಬಿ ಬಯಲುಗಳು ಮುಳುಗಿರುತ್ತವೆ. ಮೇ ಕಳೆದ ಮೇಲೆ ಹೊಂಡಗಳು ಒಂದೊಂದಾಗಿ ಬತ್ತುತ್ತವೆ, ಹಿಂಡುಗಳು ಒಂದೊಂದಾಗಿ ನದಿಯತ್ತ ಮುಖ ಮಾಡುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ ದಂಡೆಯಲ್ಲಿ ಆನೆಗಳ ಜಾತ್ರೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹೊಸ ಹುಲ್ಲು ಚಿಗುರಿದಾಗ ನಾಗರಹೊಳೆ, ಬಂಡೀಪುರಗಳ ಆನೆಗಳು ಅಲ್ಲಿಗೆ ನೆರೆಯುವುದನ್ನು ಕಂಡವರಿಗೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಆನೆಗಳಿರುತ್ತವೆ, ಮರಳು ದಿಬ್ಬಗಳು ತೆರೆದಿರುತ್ತವೆ, ಕೆಂಪು ಕಳ್ಳಿಪೀರ ಹಕ್ಕಿಗಳು ಬಂದಿರುತ್ತವೆ, ಸಾಸೇಜ್ ಮರ ಹೂ ಬಿಟ್ಟಿರುತ್ತದೆ. ಅಕ್ಟೋಬರ್ ಸೆಕೆ ತಡೆಯುವುದು ಕಷ್ಟ, ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಜೂನ್, ಜುಲೈ ಹಿತವಾಗಿದ್ದರೂ ಬೆಳಗಿನ ಜಾವ ತೆರೆದ ವಾಹನದಲ್ಲಿ ಕೂತರೆ ಚಳಿ ಮೂಳೆಗೆ ಇಳಿಯುತ್ತದೆ. ಮಳೆಗಾಲಕ್ಕೆ ಹೋಗಬಾರದು ಎಂದೇನೂ ಇಲ್ಲ. ಹಕ್ಕಿಗಳನ್ನೇ ನೋಡಬೇಕೆನ್ನುವವರಿಗೆ, ಜಿಂಕೆಯಂಥ ಇಂಪಾಲದ ಮರಿಗಳನ್ನು ನೋಡಬೇಕೆನ್ನುವವರಿಗೆ ಅದೇ ಸರಿಯಾದ ಕಾಲ.

ಹೆಜ್ಜೆ 2: ಕಸಾನೆಯಲ್ಲಿ ಉಳಿಯಿರಿ, ಸಣ್ಣ ದೋಣಿ ಹಿಡಿಯಿರಿ

ನೆಲೆಯೂರು ಬೋಟ್ಸ್ವಾನಾ ದಂಡೆಯ ಕಸಾನೆ. ಜೋಹಾನ್ಸ್‌ಬರ್ಗ್‌ನಿಂದ ವಿಮಾನದಲ್ಲಿ ಬರಬಹುದು. ಜಿಂಬಾಬ್ವೆ, ಜಾಂಬಿಯಾಗಳ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತ ನೋಡಲು ಬಂದವರಿಗೆ ರಸ್ತೆಯಲ್ಲಿ ಸುಮಾರು 80 ಕಿ.ಮೀ. ಅಷ್ಟೇ. ಆದರೆ ನಡುವೆ ದೇಶದ ಗಡಿ ಇದೆ ಎಂಬುದನ್ನು ಮರೆಯಬೇಡಿ. ಒಂದು ದಿನದ ಮಟ್ಟಿಗೆ ದಾಟಿ ಮತ್ತೆ ಜಿಂಬಾಬ್ವೆಗೋ ಜಾಂಬಿಯಾಗೋ ಮರಳುವುದಾದರೆ ನಿಮ್ಮ ವೀಸಾ ಎರಡನೇ ಪ್ರವೇಶಕ್ಕೂ ಊರ್ಜಿತವಾಗಿದೆಯೇ ಎಂದು ಊರಿನಲ್ಲಿರುವಾಗಲೇ ಖಚಿತಪಡಿಸಿಕೊಳ್ಳಿ.

ಚೋಬೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 11,700 ಚದರ ಕಿ.ಮೀ. ನಾವು ಮಾತನಾಡುತ್ತಿರುವುದು ಅದರ ಉತ್ತರದ ಅಂಚಿನ ನದಿಪಟ್ಟಿಯ ಬಗ್ಗೆ ಮಾತ್ರ. ಇದನ್ನು ದೋಣಿಯಿಂದಲೂ ಜೀಪಿನಿಂದಲೂ ನೋಡಬಹುದು. ಎರಡನ್ನೂ ಮಾಡಿ, ಒಂದೇ ಸಾಧ್ಯವಿದ್ದರೆ ದೋಣಿ. ದೋಣಿಯಲ್ಲಿ ಎರಡು ಬಗೆ. ಊಟ, ಪಾನೀಯ, ಮೇಲಂತಸ್ತು ಎಲ್ಲ ಇರುವ ದೊಡ್ಡ ದೋಣಿ ಒಂದು; ಹತ್ತು ಹನ್ನೆರಡು ಜನ ಕೂರುವ ಅಲ್ಯೂಮಿನಿಯಂ ದೋಣಿ ಇನ್ನೊಂದು. ಸಣ್ಣದನ್ನೇ ಕೇಳಿ ಪಡೆಯಿರಿ. ಅದು ಜೊಂಡಿನ ಅಂಚಿಗೆ ಹೋಗಿ ನಿಲ್ಲಬಲ್ಲದು. ಅಲ್ಲಿ ಕೂತಾಗ ನಿಮ್ಮ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಿರುತ್ತದೆ, ನೀರು ಕುಡಿಯುವ ಆನೆ ನಿಮಗಿಂತ ಎತ್ತರವಾಗಿ ಕಾಣುತ್ತದೆ.

ಎಲ್ಲಿ ಕೂರಬೇಕು? ದೋಣಿಗಳು ಮಧ್ಯಾಹ್ನ ಕಸಾನೆಯಿಂದ ಪಶ್ಚಿಮಕ್ಕೆ, ಹರಿವಿನ ಎದುರಾಗಿ ಹೋಗುತ್ತವೆ. ಹೋಗುವಾಗ ಎಡಗಡೆ ಬೋಟ್ಸ್ವಾನಾದ ದಂಡೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿರುತ್ತದೆ, ಫೋಟೋಗಳು ಕಪ್ಪಾಗುತ್ತವೆ. ಮರಳುವಾಗ ಸೂರ್ಯ ಬೆನ್ನಿಗೆ ಬರುತ್ತಾನೆ, ಅದೇ ದಂಡೆ ಬಲಗಡೆಗೆ ಬರುತ್ತದೆ, ಬೆಳಕು ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ಹೋಗುವಾಗ ಕಣ್ಣಿನಲ್ಲಿ ನೋಡಿ, ಬರುವಾಗ ಕ್ಯಾಮೆರಾ ಎತ್ತಿ.

ಸಾಮಾನು ಹೆಚ್ಚು ಬೇಡ. 8x42 ಅಳತೆಯ ದುರ್ಬೀನು, ಅಗಲ ಅಂಚಿನ ಟೋಪಿ, ಮಾಸಲು ಬಣ್ಣದ ತುಂಬುತೋಳಿನ ಬಟ್ಟೆ, ಒಂದು ಬೆಚ್ಚನೆಯ ಜಾಕೆಟ್, ನೋಟ್ ಪುಸ್ತಕ. ದುರ್ಬೀನನ್ನು ಒಬ್ಬೊಬ್ಬರಿಗೂ ಒಂದೊಂದು ಒಯ್ಯಿರಿ. ಒಂದನ್ನೇ ನಾಲ್ವರು ಹಂಚಿಕೊಂಡರೆ ಹಕ್ಕಿ ಹಾರಿದ ಮೇಲೆ ನಿಮ್ಮ ಸರದಿ ಬರುತ್ತದೆ.

ಹೆಜ್ಜೆ 3: ನೀರಿನಿಂದ ಕಾಡಿನವರೆಗೆ ಪಟ್ಟೆ ಪಟ್ಟೆಯಾಗಿ ನೋಡಿ

ದೋಣಿ ನಿಂತಾಗ ಕಣ್ಣನ್ನು ನೀರಿನಿಂದ ಮೇಲಕ್ಕೆ ನಿಧಾನವಾಗಿ ಒಯ್ಯಿರಿ. ಮೊದಲು ತೇಲುವ ಎಲೆಗಳು, ನೀಲಿ ನೈದಿಲೆಗಳು. ಅವುಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ ನಡೆಯುವ ಕಂದು ಹಕ್ಕಿ ಆಫ್ರಿಕಾದ ದೇವನಹಕ್ಕಿ. ನಮ್ಮ ಕೆರೆಗಳ ದೇವನಹಕ್ಕಿಗೆ ಹತ್ತಿರದ ಬಂಧು. ಇವುಗಳಲ್ಲಿ ಮೊಟ್ಟೆಗೆ ಕಾವು ಕೊಡುವುದೂ ಮರಿ ಸಾಕುವುದೂ ಗಂಡಿನ ಕೆಲಸ. ಅಪಾಯ ಕಂಡರೆ ಗಂಡು ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಎದ್ದು ನಡೆಯುತ್ತದೆ. ಆಗ ಅದರ ಎರಡೂ ಪಕ್ಕಗಳಿಂದ ಮರಿಗಳ ಉದ್ದ ಕಾಲುಗಳು ಜೋತಾಡುತ್ತಿರುತ್ತವೆ. ಹಕ್ಕಿಗೆ ಆರೆಂಟು ಕಾಲುಗಳಿದ್ದಂತೆ ಕಂಡರೆ ಗಾಬರಿಯಾಗಬೇಡಿ, ಅಪ್ಪ ಮನೆಮಂದಿಯನ್ನು ಸಾಗಿಸುತ್ತಿದ್ದಾನೆ.

ಇದೇ ನೀರಿನ ಮೇಲೆ ಕೆಲವೆಡೆ ಸಣ್ಣ, ಮಡಿಚಿದ, ನವಿರು ರೋಮವಿರುವ ಎಲೆಗಳ ಸಾಲ್ವಿನಿಯಾ ಕಳೆಯೂ ಕಂಡೀತು. ಇದರ ಮೂಲ ಬ್ರೆಜಿಲ್. ಕ್ವಾಂಡೋ, ಲಿನ್ಯಾಂಟಿ, ಚೋಬೆಗಳಲ್ಲಿ ಅದು ಹಾಸುಹಾಸಾಗಿ ಹಬ್ಬಿದಾಗ, ಅದನ್ನೇ ತಿಂದು ಬದುಕುವ ಒಂದು ಪುಟ್ಟ ಸೊಂಡಿಲು ಕೀಟವನ್ನು ತಂದು ಬಿಟ್ಟು ಹತೋಟಿಗೆ ತರಲಾಯಿತು. ಸ್ವಂತ ದೋಣಿ, ಮೀನಿನ ಬಲೆಗಳನ್ನು ಒಂದು ನದಿಯಿಂದ ಇನ್ನೊಂದಕ್ಕೆ ಒಯ್ಯುವವರು ಒಂದು ಎಲೆಯೂ ಉಳಿಯದಂತೆ ತೊಳೆದು ಒಣಗಿಸಲೇಬೇಕು. ಈ ಕಳೆಗೆ ಬೀಜ ಬೇಕಿಲ್ಲ, ತುಂಡೊಂದು ಸಾಕು.

ನೀರಿನ ನಂತರ ಜೊಂಡು, ಅದರಾಚೆ ನೆರೆಬಯಲು. ಬಯಲಿನಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆದ ಹುಲ್ಲನ್ನು ಹತ್ತಿರದಿಂದ ನೋಡಿ. ಅದರಲ್ಲಿ ಬಹುಪಾಲು ಗರಿಕೆ. ನಾವು ಗಣಪತಿಗೆ ಏರಿಸುವ ಅದೇ ಗರಿಕೆ. ಎಷ್ಟು ಮೇಯಿಸಿದರೂ ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟು ಹಬ್ಬುವ ಅದರ ಗುಣದ ಮೇಲೆ ಎಮ್ಮೆ, ಜೀಬ್ರಾ, ನೀರಾನೆ, ಆನೆಗಳ ಒಣಕಾಲದ ಬದುಕು ನಿಂತಿದೆ. ಇಲ್ಲಿನ ಜೀಬ್ರಾಗಳಲ್ಲಿ ಹಲವು ಮಳೆ ಶುರುವಾದೊಡನೆ ದಕ್ಷಿಣಕ್ಕೆ ಹೊರಟು, ಸುಮಾರು 250 ಕಿ.ಮೀ. ದೂರದ ನೈ ಪ್ಯಾನ್ ಎಂಬ ಬಯಲನ್ನು ಸೇರಿ, ಮಳೆ ಮುಗಿದ ಮೇಲೆ ಮರಳುತ್ತವೆ. ಕೊರಳಿಗೆ ಉಪಗ್ರಹ ಪಟ್ಟಿ ಕಟ್ಟಿ ಹಿಂಬಾಲಿಸಿದಾಗಲಷ್ಟೇ ಈ ವಲಸೆ ಹೊರಜಗತ್ತಿಗೆ ಗೊತ್ತಾಯಿತು. ಆ ಅಧ್ಯಯನ ಪ್ರಕಟವಾದದ್ದು 2014ರಲ್ಲಿ.

ಬಯಲು ಮುಗಿದು ದಂಡೆ ಏರುವಲ್ಲಿ ಮುಳ್ಳು ಪೊದೆಗಳ ಸಾಲು. ಅದರ ಹಿಂದೆ ದೊಡ್ಡ ಮರಗಳು. ಇನ್ನೂ ಮೇಲೆ ಕಲಹರಿಯ ಮರಳು, ಅದರ ಮೇಲೆ ಜಾಂಬೆಜಿ ತೇಗದ ಕಾಡು. ಒಂದು ಕಾಲದಲ್ಲಿ ಈ ತೇಗವನ್ನು ಕಡಿದು ಸಾಗಿಸಲು ನದಿ ದಂಡೆಯ ಸೆರೊಂಡೆಲಾದಲ್ಲಿ ಮರ ಕೊಯ್ಯುವ ಗಿರಣಿ, ಅದಕ್ಕೊಂದು ಊರು ಇದ್ದವು. ಈಗ ಆ ಜಾಗ ಉದ್ಯಾನದೊಳಗೆ, ಪ್ರವಾಸಿಗರು ವಾಹನದಿಂದ ಇಳಿದು ಬುತ್ತಿ ಬಿಚ್ಚಬಹುದಾದ ತಾಣ.

ಹೆಜ್ಜೆ 4: ಒಣಮರಗಳ ಕಥೆ ಕೇಳಿ

ದಂಡೆಯ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಸತ್ತ ಮರಗಳು ನಿಂತಿರುತ್ತವೆ. ನೋಡಿದವರೆಲ್ಲ "ಆನೆಗಳು ಹೆಚ್ಚಾಗಿ ಕಾಡು ಹಾಳಾಯಿತು" ಎಂದು ಮರುಗುತ್ತಾರೆ. ಅದು ಅರ್ಧ ಸತ್ಯ. ಹತ್ತೊಂಬತ್ತನೇ ಶತಮಾನದಲ್ಲಿ ದಂತಕ್ಕಾಗಿ ನಡೆದ ಬೇಟೆ ಇಲ್ಲಿನ ಆನೆಗಳನ್ನು ಬಹುತೇಕ ಅಳಿಸಿತ್ತು. 1896ರ ಹೊತ್ತಿಗೆ ದಕ್ಷಿಣ ಆಫ್ರಿಕಾಕ್ಕೆ ಬಂದ ದನಗಳ ದೊಡ್ಡರೋಗ ಎಮ್ಮೆ, ಜಿಂಕೆ ಜಾತಿಯ ಪ್ರಾಣಿಗಳನ್ನು ಗುಡಿಸಿಹಾಕಿತು. ಸಸಿ ತಿನ್ನುವವರೇ ಇಲ್ಲದ ಆ ವರ್ಷಗಳಲ್ಲಿ ದಂಡೆಯ ಉದ್ದಕ್ಕೂ ಜಾಲಿ ಜಾತಿಯ ಎತ್ತರದ ಮರಗಳು ಬೆಳೆದು ನಿಂತವು. ಆನೆಗಳು ಮರಳಿ ಬಂದ ಮೇಲೆ ಆ ಮರಗಳ ತೊಗಟೆ ಸುಲಿದು ತಿಂದವು, ಇಂಪಾಲಗಳು ಹೊಸ ಸಸಿಗಳನ್ನು ಏಳಲು ಬಿಡಲಿಲ್ಲ. ಅಂದರೆ ಈಗ ಸತ್ತಿರುವ ಆ ಕಾಡು ಹುಟ್ಟಿದ್ದೇ ಪ್ರಾಣಿಗಳಿಲ್ಲದ ಒಂದು ವಿಚಿತ್ರ ಕಾಲದಲ್ಲಿ. ಈ ಹಿನ್ನೆಲೆ ಗೊತ್ತಿಲ್ಲದೆ ಆನೆಯನ್ನು ದೂರುವುದು ಅನ್ಯಾಯ ಎಂದೇ ನನ್ನ ಭಾವನೆ.

ಜಾಲಿಗಳು ಹೋದ ಜಾಗಕ್ಕೆ ಬಂದದ್ದು ಆನೆಗಳು ಸಾಮಾನ್ಯವಾಗಿ ಮುಟ್ಟದ ಗಿಡಗಳು. ಕೊಕ್ಕೆಯಂತೆ ಬಾಗಿದ ಮುಳ್ಳಿನ, ನವಿರು ರೋಮದ ಎಲೆಯ ಕ್ಯಾಪರ್ ಪೊದೆ. ಅಗಲ ಎಲೆಯ, ಜ್ವರಕ್ಕೆ ನಾಟಿ ಔಷಧಿಯಾಗಿ ಬಳಸುತ್ತಿದ್ದ ಕ್ರೋಟಾನ್ ಮರ. ಇವೆರಡನ್ನೂ ಗುರುತಿಸಿಟ್ಟುಕೊಳ್ಳಿ, ಕಾರಣವಿದೆ. ಕ್ಯಾಪರ್ ಪೊದೆಯ ಬುಡದ ನೆರಳಲ್ಲಿ ಚೋಬೆಯ ಬುಷ್‌ಬಕ್ ಅಡಗಿರುತ್ತದೆ. ಕೆಂಗಂದು ಮೈ, ಬಿಳಿ ಚುಕ್ಕೆ, ನಾಚಿಕೆಯ ಪ್ರಾಣಿ. ಬಯಲಿನಲ್ಲಿ ಅದನ್ನು ಹುಡುಕಿದರೆ ಸಿಗದು, ಪೊದೆಯ ಅಂಚನ್ನು ಐದು ನಿಮಿಷ ದುರ್ಬೀನಿನಲ್ಲಿ ಸವರಿದರೆ ಸಿಗುತ್ತದೆ.

ಹೆಜ್ಜೆ 5: ಈ ಮರಗಳನ್ನು ಕಲಿಯಿರಿ

ಸಾಸೇಜ್ ಮರದಿಂದ ಶುರುಮಾಡಿ, ತಪ್ಪಲು ಸಾಧ್ಯವೇ ಇಲ್ಲ. ಉದ್ದ ದಾರಗಳಿಂದ ಸೋರೆಕಾಯಿ ತೂಗುಹಾಕಿದಂತೆ ಕಾಯಿಗಳು. ಹಲವು ಕಿಲೋ ತೂಗುವ ಈ ಕಾಯಿ ತಲೆಯ ಮೇಲೋ ವಾಹನದ ಗಾಜಿನ ಮೇಲೋ ಬಿದ್ದರೆ ಗತಿಯೇನು ಎಂದು ಯೋಚಿಸಿ. ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ, ಚಾಪೆ ಹಾಸಬೇಡಿ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಇದನ್ನು ನೋಡಿರುವವರು ಇದ್ದೀರಿ. ಊರಿನಲ್ಲಿ ಅದು ಅಲಂಕಾರದ ಮರ, ಇಲ್ಲಿ ಅನ್ನಛತ್ರ. ಗಾಢ ಕೆಂಪು ಹೂಗಳು ರಾತ್ರಿ ಅರಳಿ ಬಾವಲಿಗಳನ್ನು ಕರೆಯುತ್ತವೆ, ಬೆಳಗಾಗುವಷ್ಟರಲ್ಲಿ ಉದುರಿಬೀಳುತ್ತವೆ. ನಸುಕಿನಲ್ಲಿ ಜೀಪಿನಲ್ಲಿ ಹೊರಟವರು ಹೂಬಿಟ್ಟ ಸಾಸೇಜ್ ಮರದ ಬಳಿ ಎಂಜಿನ್ ಆರಿಸಿ ಕಾಯಬೇಕು. ಇಂಪಾಲಗಳು, ಜಿಂಕೆಯಂಥ ಕುಡುಗಳು, ಬಬೂನ್‌ಗಳು ಹೂ ಆರಿಸಲು ಬಂದೇ ಬರುತ್ತವೆ.

ಜಾಕಲ್‌ಬೆರಿ ನಮ್ಮ ಬೀಡಿ ಎಲೆಯ ತೂಬರೆಯ ಕುಲದ್ದೇ. ಕಪ್ಪು ಒರಟು ತೊಗಟೆ, ದಟ್ಟ ಹಂದರ, ಬಹಳ ಸಲ ಗೆದ್ದಲು ಹುತ್ತದ ಮೇಲೆ ಬೆಳೆದಿರುತ್ತದೆ. ಹಳದಿ ಹಣ್ಣಿಗೆ ಬಬೂನ್, ನರಿ, ಹಸಿರು ಪಾರಿವಾಳ, ಆನೆ ಎಲ್ಲರೂ ಗಿರಾಕಿಗಳು. ಇದರ ಅಡ್ಡ ಕೊಂಬೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಚಿರತೆ ಮಲಗಲು ಇಷ್ಟಪಡುವ ಕೊಂಬೆಗಳು ಇವು. ಬಾಲ ಮೊದಲು ಕಾಣುತ್ತದೆ.

ನೇಟಾಲ್ ಮಹೋಗನಿ ವರ್ಷವಿಡೀ ಹಸಿರು. ಕಸಾನೆಯ ದಂಡೆಯಲ್ಲಿ ಹಣ್ಣು ಬಿರಿದಾಗ ಕೆಂಪು ತಿರುಳಿಗಾಗಿ ಕಹಳೆ ಮಂಗಟ್ಟೆಗಳು ಬರುತ್ತವೆ; ಮಗು ಅತ್ತಂಥ ಕೂಗು ಕೇಳಿದರೆ ತಲೆ ಎತ್ತಿ. ನೀರಿನ ಅಂಚಿನಲ್ಲಿ ನೇರಳೆ ಕುಲದ ವಾಟರ್‌ಬೆರಿ ಬೆಳೆಯುತ್ತದೆ, ಹಣ್ಣು ನೋಡಿದರೆ ನಂಟಸ್ತಿಕೆ ಕೂಡಲೇ ತಿಳಿಯುತ್ತದೆ. ಲೆಡ್‌ವುಡ್ ಎಂಬ ಮರದ ಕಟ್ಟಿಗೆ ನೀರಿನಲ್ಲಿ ಮುಳುಗುವಷ್ಟು ಭಾರ, ಸತ್ತ ಮೇಲೂ ದಶಕಗಟ್ಟಲೆ ಬೀಳದೆ ನಿಲ್ಲುತ್ತದೆ. ಅಂಥ ಬೋಳು ಮರದ ತುದಿಯಲ್ಲಿ ಬಿಳಿ ತಲೆಯ ಆಫ್ರಿಕನ್ ಮೀನುಹದ್ದು ಕೂತಿದೆಯೇ ನೋಡಿ. ಇನ್ನು ಬಾವೊಬಾಬ್. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡ ಹುಣಸೆ ಮರಗಳನ್ನು ಕಂಡವರಿಗೆ ಪರಿಚಯ ಬೇಡ, ಅವೂ ಆಫ್ರಿಕಾ ಮೂಲದ ಇದೇ ಜಾತಿ. ಇಲ್ಲಿ ನೋಡಬೇಕಾದದ್ದು ಕಾಂಡದ ಕೆಳಭಾಗ. ಒಣಕಾಲದಲ್ಲಿ ತೇವದ ತೊಗಟೆಗಾಗಿ ಆನೆಗಳು ದಂತದಿಂದ ಕೆತ್ತಿದ ಗಾಯಗಳು ಅಲ್ಲಿರುತ್ತವೆ, ಬಹಳಷ್ಟು ಗಾಯಗಳ ಮೇಲೆ ಹೊಸ ತೊಗಟೆ ಬೆಳೆದು ಮುಚ್ಚಿರುತ್ತದೆ.

ಹೆಜ್ಜೆ 6: ಸೆಡುಡು ದ್ವೀಪದಲ್ಲಿ ಆತುರ ಬೇಡ

ಕಸಾನೆಯ ಎದುರಿಗೇ ಸುಮಾರು 3.5 ಚದರ ಕಿ.ಮೀ. ವಿಸ್ತೀರ್ಣದ ಹುಲ್ಲಿನ ದ್ವೀಪ. ಬೋಟ್ಸ್ವಾನಾದವರಿಗೆ ಸೆಡುಡು, ನಮೀಬಿಯಾದವರಿಗೆ ಕಸಿಕಿಲಿ. ದ್ವೀಪ ಯಾರದು ಎಂದು ಎರಡೂ ದೇಶಗಳು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1999ರ ಡಿಸೆಂಬರ್‌ನಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಯಿತು. ಆನೆಗಳಿಗೆ ಅದು ನೆರೆ ಇಳಿದ ಮೇಲೆ ಸಿಗುವ ಹಸಿ ಮೇವಿನ ಗದ್ದೆ.

ದೋಣಿಯವರಿಗೆ ಹೇಳಿ ಇಲ್ಲಿ ಅರ್ಧ ಗಂಟೆಯಾದರೂ ಎಂಜಿನ್ ಆರಿಸಿ ನಿಲ್ಲಿಸಿ. ಮೇಯುವ ಒಂದೇ ಆನೆಯನ್ನು ಆರಿಸಿಕೊಂಡು ನೋಡಿ. ಸೊಂಡಿಲನ್ನು ಹುಲ್ಲಿನ ಗೊಂಚಲಿಗೆ ಸುತ್ತುತ್ತದೆ, ಮುಂಗಾಲಿನಿಂದ ಒದ್ದು ಬೇರುಸಹಿತ ಕೀಳುತ್ತದೆ, ಹಾಗೇ ಬಾಯಿಗಿಡುವುದಿಲ್ಲ. ಹುಲ್ಲನ್ನು ಅಲ್ಲಾಡಿಸಿ, ಮುಂಗಾಲಿಗೆ ಬಡಿದು, ಕೆಲವೊಮ್ಮೆ ನೀರಿನಲ್ಲಿ ಜಾಲಿಸಿ, ಮಣ್ಣು ಉದುರಿದ ಮೇಲೆ ತಿನ್ನುತ್ತದೆ. ಆನೆಗೆ ಜೀವಮಾನದಲ್ಲಿ ಸಿಗುವುದು ಆರು ಜೊತೆ ದವಡೆ ಹಲ್ಲುಗಳು ಮಾತ್ರ, ಮರಳು ಅವನ್ನು ಬೇಗ ಸವೆಸುತ್ತದೆ. ಪಕ್ಕದಲ್ಲಿರುವ ಮರಿಯನ್ನೂ ನೋಡಿ: ಸೊಂಡಿಲು ಇನ್ನೂ ಪಳಗಿಲ್ಲದೆ, ಕಿತ್ತ ಹುಲ್ಲನ್ನು ಕೈಬಿಟ್ಟು, ತಾಯಿಯ ಬಾಯಿಗೇ ಸೊಂಡಿಲು ಹಾಕಿ ಕಸಿಯುತ್ತದೆ.

ಸೊಂಡಿಲ ತುದಿಯಲ್ಲಿ ಎರಡು ಬೆರಳು ಕಾಣುತ್ತವೆ, ನಮ್ಮ ಆನೆಗೆ ಒಂದೇ. ಹೆಣ್ಣುಗಳಿಗೂ ದಂತ. ಸಂಜೆಗೆ ದ್ವೀಪದಿಂದ ದಂಡೆಗೆ ಈಜುವ ಹಿಂಡು ಕಂಡರೆ ದೋಣಿ ಅದರ ದಾರಿಗೆ ಅಡ್ಡವಾಗದಂತೆ ಸಾಕಷ್ಟು ದೂರ ನಿಲ್ಲಬೇಕು. ದೊಡ್ಡವು ಮರಿಗಳನ್ನು ನಡುವೆ ಹಾಕಿಕೊಂಡು ಈಜುತ್ತವೆ. ಆಗ ಎದುರಿಗೆ ದೋಣಿ ನುಗ್ಗಿದರೆ ಸಾಲು ಒಡೆದು ಮರಿ ಹಿಂದುಳಿಯುತ್ತದೆ. ನಿಮ್ಮ ದೋಣಿಯವನು ಮುಂದೆ ಹೋಗಲು ಹೊರಟರೆ "ಬೇಡ, ಇಲ್ಲಿಂದಲೇ ಸಾಕು" ಎಂದು ಹೇಳುವ ಹಕ್ಕು ನಿಮಗಿದೆ. ಹೇಳಿ.

ಹೆಜ್ಜೆ 7: ಜಿಂಕೆಯಂಥವುಗಳನ್ನು ಬೇರ್ಪಡಿಸಿ

ಬಯಲಿನಲ್ಲಿ ಕಾಣುವ ಕಂದು ಪ್ರಾಣಿಗಳೆಲ್ಲ ಇಂಪಾಲಗಳಲ್ಲ. ಹಿಂಭಾಗದಲ್ಲಿ ಕಪ್ಪು ಗೆರೆಗಳಿದ್ದರೆ ಇಂಪಾಲ. ಹಿಂಭಾಗದಲ್ಲಿ ದೊಡ್ಡ ಬಿಳಿ ಬಳೆ ಇದ್ದರೆ ವಾಟರ್‌ಬಕ್. ಮುಂಗಾಲಿನಲ್ಲಿ ಕಪ್ಪು ಪಟ್ಟಿ ಇದ್ದು, ಹಿಂಬದಿ ಭುಜಕ್ಕಿಂತ ಎತ್ತರವಿದ್ದು, ತೆಳು ನೀರಿನಲ್ಲಿ ಚಿಮ್ಮಿ ಓಡಿದರೆ ಲೆಚ್ವೆ. ಕಾಲುಗಳಲ್ಲಿ ಯಾವ ಕಪ್ಪೂ ಇಲ್ಲದ, ಮೈಯೆಲ್ಲ ಹೊನ್ನಗಂದು ಬಣ್ಣದ, ಗುಂಡನೆಯ ಪ್ರಾಣಿ ಪುಕು. ಬೋಟ್ಸ್ವಾನಾದಲ್ಲಿ ಪುಕು ಉಳಿದಿರುವುದು ಈ ಚೋಬೆಯ ದಂಡೆಯಲ್ಲಿ ಮಾತ್ರ. ಸಿಂಹ ಎಲ್ಲಾದರೂ ಸಿಕ್ಕೀತು. ಪುಕುವನ್ನು ಕೇಳಿ ನೋಡಿ. ಗೈಡ್ ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಹೆಜ್ಜೆ 8: ಮರಳು ದಿಬ್ಬದ ಬಳಿ ವೇಗ ತಗ್ಗಿಸಿ

ಹಕ್ಕಿಗಳಲ್ಲಿ ನಮಗೆ ಪರಿಚಿತವಾದವು ಬಹಳ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ನೀರಿಗೆ ಬೀಳುವ ಕಪ್ಪು ಬಿಳುಪಿನ ಮಿಂಚುಳ್ಳಿ ರಂಗನತಿಟ್ಟಿನಲ್ಲೂ ಇರುವ ಅದೇ ಜಾತಿ. ಹಾವಕ್ಕಿ, ನೀರುಕಾಗೆ, ಬಾಯ್ಕಳಕಗಳ ಆಫ್ರಿಕಾದ ಬಂಧುಗಳೂ ಇವೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುವ ಕೆಂಪು ಕಳ್ಳಿಪೀರಗಳು ನದಿಯ ಕಡಿದಾದ ಮಣ್ಣಿನ ಗೋಡೆಗಳಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ.

ಆದರೆ ನಾನು ನಿಮ್ಮ ಗಮನ ಬೇಡುವುದು ಆಫ್ರಿಕನ್ ಸ್ಕಿಮ್ಮರ್‌ಗಾಗಿ. ಕಿತ್ತಳೆ ಕೊಕ್ಕು, ಅದರ ಕೆಳದಳ ಮೇಲ್ದಳಕ್ಕಿಂತ ಉದ್ದ. ಬಾಯಿ ತೆರೆದು, ಕೆಳದಳದಿಂದ ನೀರನ್ನು ಸೀಳುತ್ತಾ ಹಾರಿ, ಮೀನು ತಗುಲಿದೊಡನೆ ಕಚ್ಚಿಕೊಳ್ಳುತ್ತದೆ. ನೀರು ಇಳಿದಾಗ ತೆರೆಯುವ ಮರಳು ದಿಬ್ಬಗಳ ಮೇಲೆ ಬರೀ ಒಂದು ಗುಳಿ ಮಾಡಿ ಮೊಟ್ಟೆ ಇಡುತ್ತದೆ. ವೇಗವಾಗಿ ಹೋಗುವ ದೋಣಿಯ ಅಲೆ ಆ ಗುಳಿಗೆ ನುಗ್ಗಿದರೆ ಮೊಟ್ಟೆ ಹೋಯಿತು. ದಿಬ್ಬ ಕಾಣುತ್ತಲೇ ವೇಗ ತಗ್ಗಿಸಲು ಕೇಳಿಕೊಳ್ಳಿ, ಯಾವ ಕಾರಣಕ್ಕೂ ದಿಬ್ಬದ ಮೇಲೆ ಇಳಿಯಬೇಡಿ. ಒಂದು ದಿನದಲ್ಲಿ ಹತ್ತಾರು ದೋಣಿಗಳು ಓಡಾಡುವ ನದಿಯಿದು. ಕೇಳುವ ಪ್ರವಾಸಿಗರು ಹೆಚ್ಚಾದಷ್ಟೂ ದೋಣಿಯವರಿಗೆ ಅದೇ ರೂಢಿಯಾಗುತ್ತದೆ.

ಹೆಜ್ಜೆ 9: ಜೀವ ಮುಖ್ಯ

ಕೈ, ಕಾಲು, ಕ್ಯಾಮೆರಾ ಪಟ್ಟಿ ಯಾವುದನ್ನೂ ನೀರಿಗೆ ಇಳಿಬಿಡಬೇಡಿ. ದಂಡೆಯಲ್ಲಿ ಬಾಯಿ ತೆರೆದು ಬಿದ್ದಿರುವ ನೈಲ್ ಮೊಸಳೆ ಮೈ ತಂಪು ಮಾಡಿಕೊಳ್ಳುತ್ತಿರುತ್ತದೆ, ನಿದ್ದೆ ಮಾಡುತ್ತಿದೆ ಎಂದು ನಂಬಬೇಡಿ. ನೀರಾನೆ ಬಾಯಿ ಅಗಲಿಸಿದರೆ ಅದು ಆಕಳಿಕೆಯಲ್ಲ, ಎಚ್ಚರಿಕೆ. ರಾತ್ರಿ ಅವು ಮೇಯಲು ದಂಡೆ ಏರುತ್ತವೆ, ಒಂದೊಂದು ಸುಮಾರು 40 ಕಿಲೋ ಹುಲ್ಲು ತಿಂದು ನಸುಕಿನಲ್ಲಿ ತಮ್ಮದೇ ಕಾಲುದಾರಿಯಲ್ಲಿ ನೀರಿಗೆ ಮರಳುತ್ತವೆ. ಆ ದಾರಿಗೂ ನೀರಿಗೂ ನಡುವೆ ಮನುಷ್ಯ ನಿಂತಿರಬಾರದು. ಕಸಾನೆ ಊರೊಳಗೇ ಹಗಲು ಕಾಡುಹಂದಿ ಜಾತಿಯ ವಾರ್ಟ್‌ಹಾಗ್‌ಗಳು ಅಡ್ಡಾಡುತ್ತವೆ, ರಾತ್ರಿ ಆನೆಗಳು. ಕತ್ತಲಾದ ಮೇಲೆ ಊಟಕ್ಕೆಂದು ನೂರು ಮೀಟರ್ ದೂರವೂ ನಡೆದು ಹೋಗಬೇಡಿ, ವಾಹನ ಕರೆಸಿ.

ಇದು ಮಲೇರಿಯಾ ಇರುವ ಪ್ರದೇಶ. ಹೊರಡುವ ಕೆಲವು ವಾರಗಳ ಮೊದಲೇ ವೈದ್ಯರನ್ನು ಕಂಡು ತಡೆ ಮಾತ್ರೆಗಳ ಬಗ್ಗೆ ಕೇಳಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿಬಂದದ್ದನ್ನು ಮೊದಲ ಮಾತಿನಲ್ಲೇ ಹೇಳಿ. ಸ್ವಂತ ವಾಹನ ಓಡಿಸುವವರಿಗೆ ನಾಲ್ಕು ಚಕ್ರಗಳ ಚಾಲನೆಯ ಗಾಡಿಯೇ ಬೇಕು, ನದಿ ರಸ್ತೆಯ ಮರಳು ಬೇರೆ ಗಾಡಿಗಳನ್ನು ಬಿಡುವುದಿಲ್ಲ.

ಒಂದೇ ದಿನ ಸಿಕ್ಕವರಿಗೆ

ವಿಕ್ಟೋರಿಯಾ ಜಲಪಾತದಿಂದ ಬೆಳಿಗ್ಗೆ ಬಂದು ಸಂಜೆ ಮರಳುವವರಿಗೆ ಮಾಮೂಲಿ ಏರ್ಪಾಡು ಬೆಳಿಗ್ಗೆ ದೋಣಿ, ಊಟ, ಮಧ್ಯಾಹ್ನ ಜೀಪು. ಸಾಧ್ಯವಿದ್ದರೆ ಅದನ್ನು ತಿರುಗಿಸಿ ಕೇಳಿ. ಬೆಳಿಗ್ಗೆ ಜೀಪಿನಲ್ಲಿ ಹೊರಟರೆ ಸಾಸೇಜ್ ಮರದ ಹೂವಿಗೆ ಬಂದವರೂ, ರಾತ್ರಿ ಬೇಟೆ ಮುಗಿಸಿದವರೂ ಕಾಣಬಹುದು. ಮಧ್ಯಾಹ್ನ ಮೂರರ ನಂತರ ಆನೆಗಳು ನೀರಿಗೆ ಇಳಿಯುವ ಹೊತ್ತಿಗೆ ನೀವು ದೋಣಿಯಲ್ಲಿರುತ್ತೀರಿ. ಗಡಿ ದಾಟುವ ಸಮಯದ ಕಾರಣಕ್ಕೆ ಅದು ಆಗದಿದ್ದರೆ ಒಂದು ರಾತ್ರಿ ಕಸಾನೆಯಲ್ಲಿ ಉಳಿದುಬಿಡಿ. ಜಲಪಾತಕ್ಕೆ ಇಟ್ಟಿರುವ ದಿನಗಳಲ್ಲಿ ಒಂದನ್ನು ಕಡಿತ ಮಾಡಿದರೂ ನಷ್ಟವಿಲ್ಲ. ಕಂಡ ಗಿಡ, ಹಕ್ಕಿಗಳ ಚಿತ್ರಗಳನ್ನು ಆ ರಾತ್ರಿಯೇ, ಕಂಡದ್ದನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇ-ಬರ್ಡ್‌ಗೆ ಏರಿಸಿ. ಎಲೆ, ತೊಗಟೆ, ಕಾಯಿ ಮೂರರದ್ದೂ ಬೇರೆ ಬೇರೆ ಚಿತ್ರವಿದ್ದರೆ ಮರದ ಗುರುತು ಬೇಗ ಸಿಗುತ್ತದೆ.